ಅಂತರಜಾಲದಲ್ಲಿ ಹುಡುಕಾಟ: ಆರ್ಚಿಯಿಂದ ಕನ್ನಡದವರೆಗೆ

ಆರಂಭ
ಮೊದಲ ಶೋಧಯಂತ್ರ ಆರ್ಚಿ 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಅದು ಕಡತಗಳ ಹೆಸರನ್ನು ಮಾತ್ರ ಹುಡುಕುತ್ತಿತ್ತು. ಒಳಗಿನ ಬರಹ ಅದಕ್ಕೆ ಸಿಗುತ್ತಿರಲಿಲ್ಲ. 1994ರಲ್ಲಿ ಬಂದ ಯಾಹೂ ತಾಣಗಳನ್ನು ವಿಷಯವಾರು ವಿಂಗಡಿಸಿ ಪಟ್ಟಿ ಮಾಡಿತು. ಅದೇ ವರ್ಷ ವೆಬ್‌ಕ್ರಾಲರ್ ಪುಟದ ಪ್ರತಿಯೊಂದು ಪದವನ್ನೂ ಹುಡುಕುವ ಸೌಲಭ್ಯ ತಂದಿತು. 1995ರಲ್ಲಿ ಆಲ್ಟಾವಿಸ್ಟಾ ಈ ಕೆಲಸವನ್ನು ವೇಗಗೊಳಿಸಿತು.

ಸುಧಾರಣೆ
1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ಆರಂಭವಾಯಿತು. ಆದರೆ ಹುಡುಕುವಾಗ ಕಾಗುಣಿತದ ತೊಡಕಿತ್ತು. ಉದಾಹರಣೆಗೆ, ದಾವಣಗೆರೆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ‘ದಾವಣಗೆರೆ’, ‘ದಾವಣ್‌ಗೆರೆ’ ಎಂದು ಎರಡು ಬಗೆಯಲ್ಲಿ ಬರೆಯುವುದುಂಟು. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಇವು ಬೇರೆ ಬೇರೆ ಪದಗಳು. 1998ರಲ್ಲಿ ಸ್ಥಾಪನೆಯಾದ ಗೂಗಲ್, ಒಂದು ಪುಟಕ್ಕೆ ಇತರ ಪುಟಗಳಿಂದ ಬರುವ ಕೊಂಡಿಗಳನ್ನು ಅಳೆದು ಮುಖ್ಯವಾದುದನ್ನು ಮೊದಲು ತೋರಿಸಿತು. ಕಾಗುಣಿತ ತಿದ್ದುವ ಸಲಹೆಯೂ ಮುಂದೆ ಸೇರಿತು.

ಕನ್ನಡದಲ್ಲಿ ಹುಡುಕಾಟ
‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ರೋಮನ್ ಲಿಪಿಗೆ ಮೀಸಲಾದ ಸಂಕೇತಗಳಲ್ಲೇ ಉಳಿಯುತ್ತಿದ್ದವು. ಪರದೆಯ ಮೇಲೆ ‘ಹರಿಹರೇಶ್ವರ’ ಎಂದು ಕಂಡರೂ ಶೋಧಯಂತ್ರಕ್ಕೆ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆ 1991ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಕೇತ ನೀಡಿತ್ತು. ಅದರ ಬಳಕೆ ಹೆಚ್ಚಿದ ಮೇಲೆ ಕನ್ನಡದಲ್ಲೇ ಟೈಪಿಸಿ ಅಥವಾ ಮೊಬೈಲಿಗೆ ಮಾತಾಡಿ ಹುಡುಕುವುದು ಸಾಧ್ಯವಾಯಿತು. ಹಳೆಯ ಫಾಂಟುಗಳಲ್ಲಿರುವ ಬರಹಗಳು ಯೂನಿಕೋಡಿಗೆ ಬದಲಾದರೆ ಮಾತ್ರ ಕನ್ನಡ ಹುಡುಕಾಟಕ್ಕೆ ಸಿಗುತ್ತವೆ.