ಕಪ್ಪಾದ ಬಿಳುಪು

ಸೆಕ್ಟರ್ ಫೈವ್‌ನಲ್ಲಿರುವ ನಮ್ಮ ಕಚೇರಿಯ ಹೊರಗೋಡೆಗೆ ಮಳೆಗಾಲ ಮುಗಿದ ಮೇಲೆ ಬಣ್ಣ ಬಳಿಯುತ್ತಾರೆ. ಮುಂದಿನ ಆಷಾಢಕ್ಕೆ ಅದು ಮತ್ತೆ ಕಪ್ಪಿಡುತ್ತದೆ. ಈ ಕಪ್ಪು ಹೊರಗಿನಿಂದ ಬಂದದ್ದು, ಉಜ್ಜಿದರೆ ಹೋಗುತ್ತದೆ. ಬಣ್ಣ ತಾನೇ ಒಳಗಿನಿಂದ ಕಪ್ಪಾದರೆ?

ಇಟಲಿಯ ಅಸೀಸಿಯಲ್ಲಿ ಸಂತ ಫ್ರಾನ್ಸಿಸನ ಬಸಿಲಿಕಾ ಇದೆ. ಅದರ ಮೇಲಂತಸ್ತಿನ ಇಗರ್ಜಿಯಲ್ಲಿ ಚಿಮಾಬೂಯೆ 1280ರ ಸುಮಾರಿಗೆ ಬರೆದ ಭಿತ್ತಿಚಿತ್ರಗಳು ಇಂದು ಫೋಟೋದ ನೆಗೆಟಿವ್‌ನಂತೆ ಕಾಣುತ್ತವೆ. ಬೆಳಕು ಬೀಳಬೇಕಾದ ಹಣೆ, ಕೆನ್ನೆ, ಉಡುಗೆಯ ಮಡಿಕೆಗಳೇ ಕಪ್ಪು. ಕಾರಣ ಮಸಿಯಲ್ಲ, ಸೀಸದ ಬಿಳಿ. ತೇವ ಹಾಗೂ ಸುಣ್ಣದ ಕ್ಷಾರದ ಸಹವಾಸದಲ್ಲಿ ಈ ಸೀಸದ ಕಾರ್ಬೊನೇಟ್ ಉತ್ಕರ್ಷಣಗೊಂಡು ಕಂದುಗಪ್ಪು ಡೈಆಕ್ಸೈಡ್ ಆಗಿಬಿಡುತ್ತದೆ. ಸುಮಾರು 1400ರಲ್ಲಿ ಚಿತ್ರಕಾರರಿಗೆ ಕೈಪಿಡಿ ಬರೆದ ಚೆನ್ನೀನೋ ಚೆನ್ನೀನಿ, ಗೋಡೆಯ ಮೇಲೆ ಇದನ್ನು ಬಳಸಬೇಡಿ, ಕಪ್ಪಾಗುತ್ತದೆ ಎಂದು ಎಚ್ಚರಿಸಿದ್ದ. ಗೋಡೆಗೆ ಸುಣ್ಣದ ಬಿಳಿಯೇ ಕ್ಷೇಮ. ನಮ್ಮ ಸಿಂಧೂರವೂ ಸೀಸದ್ದೇ, ಅದಕ್ಕೂ ಇದೇ ಗತಿ. ಇಂಗಲೀಕವೂ ಬೆಳಕಿಗೆ ಕಪ್ಪಾಗಬಲ್ಲದು. ಜಾಜು ಮಾತ್ರ ಬಡವರ ಬಣ್ಣವಾದರೂ ಶತಮಾನಗಳನ್ನು ತಾಳಿಕೊಳ್ಳುತ್ತದೆ.

ಕಪ್ಪಿನ ಮೂಲವನ್ನು ಪತ್ತೆಹಚ್ಚುವ ಬಗೆ ಹೇಗೆ? ಕ್ಷ-ಕಿರಣ ಪ್ರತಿದೀಪ್ತಿಯ ಉಪಕರಣ ಇಲ್ಲಿ ಸೀಸವಿದೆ ಎನ್ನುತ್ತದೆ. ಆದರೆ ಬಿಳಿಯಲ್ಲೂ ಸಿಂಧೂರದಲ್ಲೂ ಕಪ್ಪಿನಲ್ಲೂ ಇರುವುದು ಅದೇ ಸೀಸ. ಯಾವ ಸಂಯುಕ್ತವೆಂದು ಬಿಡಿಸಿ ಹೇಳಲು ರಾಮನ್ ರೋಹಿತ ಬೇಕು. ಆ ಪರಿಣಾಮವನ್ನು ಸಿ.ವಿ. ರಾಮನ್ 1928ರಲ್ಲಿ ಕಂಡದ್ದು ಇದೇ ಊರಿನ ಬೌಬಜಾರಿನಲ್ಲಿ. ಅವರು ಬೆಂಗಳೂರಿಗೆ ಬಂದದ್ದು 1933ರಲ್ಲಿ. ನಾವು ಕನ್ನಡಿಗರು ಅವರನ್ನು ತುಸು ಬೇಗನೆ ನಮ್ಮವರೆಂದುಕೊಳ್ಳುತ್ತೇವೆ. ಪರೀಕ್ಷಿಸುವವರಿಗೊಂದು ತೊಡಕೂ ಇದೆ: ಲೇಸರ್ ತುಸು ಪ್ರಖರವಾದರೆ ಅದರ ಕಾವಿಗೇ ಆ ಕಪ್ಪು ಬೇರೊಂದು ಆಕ್ಸೈಡ್ ಆಗಿ ಸುಳ್ಳುಸಾಕ್ಷಿ ನುಡಿಯುತ್ತದೆ.

ನಮ್ಮ ನಾಡಿನ ಇಗರ್ಜಿ ಚಿತ್ರಗಳೆಂದರೆ ನೆನಪಾಗುವುದು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್. ಜೆಸುಯಿಟ್ ಬ್ರದರ್ ಅಂತೋನಿಯೋ ಮೊಸ್ಕೇನಿ 1899ರಿಂದ 1901ರವರೆಗೆ ಅದನ್ನು ಚಿತ್ರಿಸಿದ. 1990ರ ದಶಕದಲ್ಲಿ ಅದಕ್ಕೆ ಸಂರಕ್ಷಣೆಯ ಭಾಗ್ಯ ದೊರೆಯಿತು. ಬಾದಾಮಿಯ ಮೂರನೆಯ ಗುಹೆ ಮಂಗಲೇಶ ಮಾಡಿಸಿದ್ದು, ಶಾಸನದ ವರ್ಷ 578. ಅಲ್ಲಿ ಉಳಿದಿರುವುದು ಚಿತ್ರದ ಚೂರುಗಳಷ್ಟೇ. ಅವುಗಳ ಬಗ್ಗೆ ಸ್ಟೆಲ್ಲಾ ಕ್ರಾಮ್ರಿಷ್ 1936ರಲ್ಲಿ ಬರೆದ ಲೇಖನ ಅಚ್ಚಾದದ್ದು ಕಲ್ಕತ್ತೆಯ ಪತ್ರಿಕೆಯಲ್ಲಿ.

ಇಷ್ಟನ್ನೂ ಓದಲು ಹಚ್ಚಿದ್ದು ನಮ್ಮೂರ ಕಡೆಯ ಒಂದು ಗುಡಿ. ಅದರ ಮುಖಮಂಟಪದ ಮೇಲ್ಛಾವಣಿಯಲ್ಲಿ ಪಟ್ಟಾಭಿಷೇಕದ ಚಿತ್ರವಿತ್ತು. ಕಪ್ಪು ಮುಖದವನೇ ರಾಮ ಎಂದು ಅಜ್ಜಿ ತೋರಿಸುತ್ತಿದ್ದಳು. ಪಕ್ಕದ ಸೀತೆಯ ಮುಖವೂ ಕಪ್ಪಾಗಿತ್ತು, ಅದೇಕೆಂದು ನಾನು ಕೇಳಲಿಲ್ಲ. ಕೆಲವು ವರ್ಷಗಳ ಹಿಂದೆ ಜೀರ್ಣೋದ್ಧಾರವಾಯಿತು. ಹೊಗೆ ಹಿಡಿದಿದೆ ಎಂದು ಸಮಿತಿಯವರು ಸಾಬೂನಿನಲ್ಲಿ ತೊಳೆಸಿದರು. ಕಪ್ಪು ಹೋಗದಿದ್ದಾಗ ಎನಾಮೆಲ್ ಬಳಿಸಿದರು. ಇಲ್ಲಿಂದ ಚಂದಾ ಕಳಿಸಿದವರಲ್ಲಿ ನಾನೂ ಒಬ್ಬ. ವಾಟ್ಸಾಪಿನಲ್ಲಿ ಬಂದ ಫೋಟೋದಲ್ಲಿ ಸೀತೆ ಗುಲಾಬಿಯಾಗಿದ್ದಳು, ರಾಮ ನೀಲಿ.

ಅಡಿಯ ಪದರ ಇನ್ನೂ ಇದ್ದೀತು. ಸಾಸಿವೆಗಿಂತ ಚಿಕ್ಕ ಚೂರಿನ ಅಡ್ಡಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಗಾರೆ, ಸುಣ್ಣ, ಬಣ್ಣ, ಎನಾಮೆಲ್ ಒಂದರ ಮೇಲೊಂದು ಕಾಣುತ್ತವೆ. ಆ ಕಪ್ಪು ಹೊಗೆಯೋ ಸೀಸವೋ ಆಗ ತಿಳಿಯುತ್ತದೆ. ಅಂಥ ಒಂದು ಚೂರನ್ನು ತೆಗೆಸಲು ಅನುಮತಿ ಕೇಳಿ ಸಮಿತಿಗೆ ಎರಡು ಕಾಗದ ಬರೆದಿದ್ದೇನೆ. ಉತ್ತರವಾಗಿ ಬಂದದ್ದು ಮುಂದಿನ ಜಾತ್ರೆಯ ಆಮಂತ್ರಣ.