ಬಂಡಿದಾರಿಯ ಸೈಕಲ್: ಗಡಿಸೀಮೆಯಿಂದ ಒಂದು ಸಮೀಕ್ಷೆ

ಹೋದ ಚಳಿಗಾಲ ಬೆಂಗಳೂರಿನ ಗೆಳೆಯರೊಬ್ಬರು ಹೊಸ ಸೈಕಲ್ಲನ್ನು ಕಾರಿಗೆ ಹೇರಿಕೊಂಡು ಬೀದರ್ ಗಡಿಯ ನಮ್ಮ ನ್ಯಾಲ್ಕಲ್ ಕಡೆಗೆ ಬಂದಿದ್ದರು. ಇಳಿಸುತ್ತಲೇ, ‘ಗ್ರಾವೆಲ್ ಬೈಕಿಂಗ್ ನಮ್ಮ ದೇಶಕ್ಕೆ ಈಗಷ್ಟೇ ಕಾಲಿಡುತ್ತಿದೆ ನೋಡಿ’ ಅಂದರು. ಟೈರ್ ಎಷ್ಟು ಅಗಲ ಎಂದು ಕೇಳಿದೆ. ‘ನಲವತ್ತು ಮಿಲಿಮೀಟರ್’ ಅಂದರು, ಹೆಮ್ಮೆಯಿಂದ. ನಮ್ಮ ಪಡಸಾಲೆಯಲ್ಲಿ ಅಪ್ಪನ ಹಳೆಯ ಅಟ್ಲಾಸ್ ಇನ್ನೂ ಗೋಡೆಗೆ ಒರಗಿ ನಿಂತಿದೆ. ಅದರ ಟೈರಿನ ಪಕ್ಕದಲ್ಲಿ 28 × 1½ ಎಂಬ ಉಬ್ಬಕ್ಷರ. ಒಂದೂವರೆ ಇಂಚೆಂದರೆ 38 ಮಿಲಿಮೀಟರ್. ಈ ಲೇಖನ ಬರೆಸಿದ್ದು ಆ ಎರಡು ಮಿಲಿಮೀಟರಿನ ಅಂತರ.

ವಾಹನಗಳ ಕಾಟವಿಲ್ಲದ ಮಣ್ಣುಹಾದಿಯಲ್ಲಿ, ಗುಡ್ಡ ಕಾಡುಗಳ ಸೆರಗಿನಲ್ಲಿ ಸೈಕಲ್ ತುಳಿಯುವ ಹವ್ಯಾಸದ ಕಥೆಯನ್ನು ಈಚೆಗೆ ಹೇಳುವವರೆಲ್ಲ ಅಮೆರಿಕದ ಕ್ಯಾನ್ಸಸ್‌ನಿಂದ ಶುರುಮಾಡುತ್ತಾರೆ. ಅಲ್ಲಿನ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಜಲ್ಲಿಹಾದಿಯ ದೊಡ್ಡ ಪಂದ್ಯ ಆರಂಭವಾಯಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಇದು ನಿಜವೇ. ಆದರೆ ಇದು ಪಂದ್ಯದ ಚರಿತ್ರೆ, ಸವಾರಿಯದ್ದಲ್ಲ. ಬ್ರಿಟನ್ನಿನಲ್ಲಿ ಒರಟುಹಾದಿಯ ಸವಾರರು 1955ರಲ್ಲೇ ರಫ್ ಸ್ಟಫ್ ಫೆಲೋಶಿಪ್ ಕಟ್ಟಿಕೊಂಡಿದ್ದರು. ಅವರಿಗೆ ಗೆಲ್ಲುವುದು ಬೇಕಿರಲಿಲ್ಲ, ಗುಡ್ಡದ ಆಚೆ ಏನಿದೆ ಎಂದು ನೋಡಿ ಬರುವುದಷ್ಟೇ ಬೇಕಿತ್ತು.

ನಮ್ಮ ಕಡೆಯ ಮೊದಲ ಘಟ್ಟವನ್ನು ಬೇಗ ದಾಟುತ್ತೇನೆ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಸೈಕಲ್ ಕ್ರಮೇಣ ಸಾಹೇಬರಿಂದ ಗುಮಾಸ್ತರಿಗೆ, ಗುಮಾಸ್ತರಿಂದ ಹಾಲಿನವರಿಗೆ ಇಳಿಯಿತು. 1923ರಲ್ಲಿ ಮುಂಬಯಿಯ ಪಾರ್ಸಿ ತರುಣರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟು 1928ರಲ್ಲಿ ಮರಳಿದರು. ಮದ್ರಾಸಿನಲ್ಲಿ ಟಿಐ 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ, ಲುಧಿಯಾನದಲ್ಲಿ ಹೀರೋ 1956ರಲ್ಲಿ ಸೈಕಲ್ ಕಂಪನಿಗಳಾಗಿ ಹುಟ್ಟಿದವು. ಅವು ಮಾಡಿದ ಕರಿಯ ಸೈಕಲ್ಲಿನ ಉದ್ದನೆಯ ಚೌಕಟ್ಟು, ಓರೆಯಾಗಿ ಇಳಿಯುವ ಮುಂದಿನ ಫೋರ್ಕು, ದಪ್ಪ ಟೈರು ಎಲ್ಲವೂ ಕೆಟ್ಟ ರಸ್ತೆಗೆಂದೇ ಮಾಡಿದವು. ಇಂದಿನ ಗ್ರಾವೆಲ್ ಸೈಕಲ್ಲಿನ ಜಾಹೀರಾತು ಹೊಗಳುವುದೂ ಇವನ್ನೇ. ಹೊಸದರಲ್ಲಿ ನಿಜವಾಗಿ ಹೆಚ್ಚಿರುವುದು ಗೇರು, ಡಿಸ್ಕ್ ಬ್ರೇಕು, ಕಡಿಮೆ ತೂಕ. ಏರು ಹತ್ತಿದವನಿಗೆ ಅವುಗಳ ಬೆಲೆ ಗೊತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ನಮ್ಮ ಸೀಮೆಗೆ 1956 ಇನ್ನೊಂದು ಕಾರಣಕ್ಕೂ ನೆನಪಿನ ವರ್ಷ. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ನಾರಾಯಣಖೇಡ ತಾಲ್ಲೂಕು ಆಂಧ್ರಕ್ಕೆ ಸೇರಿದವು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ಹೋದವು. ಕಚೇರಿ ಬೇರೆಯಾಯಿತು, ಸಂತೆ, ಬೀಗತನ, ಜಾತ್ರೆ ಬೇರೆಯಾಗಲಿಲ್ಲ. ಬೀದರಿನ ಬಜಾರಕ್ಕೆ ಹೊರಟ ಬಂಡಿಗಳೂ ಝರಾಸಂಗದ ಕೇತಕಿ ಸಂಗಮೇಶ್ವರನಿಗೆ ನಡೆದುಹೋಗುವ ಭಕ್ತರೂ ಗಡಿಕಲ್ಲು ನೋಡಿ ಹಾದಿ ಬದಲಿಸಲಿಲ್ಲ. ನಾವು ಇಂದು ತುಳಿಯುವುದು ಆ ಹಾದಿಗಳನ್ನೇ. ಕನ್ನಡದಲ್ಲಿ ಬಂಡಿದಾರಿ, ನೆರೆಯ ತೆಲುಗರ ಬಾಯಲ್ಲಿ ಬಂಡ್ಲಬಾಟ.

ಎರಡನೆಯ ಘಟ್ಟ ಕ್ರೀಡೆಯದು. ಕರ್ನಾಟಕದಲ್ಲಿ ಸೈಕ್ಲಿಂಗ್ ಎಂದರೆ ವಿಜಯಪುರ, ಬಾಗಲಕೋಟೆ. ರೈತರ ಮಕ್ಕಳು ಕ್ರೀಡಾ ವಸತಿನಿಲಯ ಸೇರಿ ರಾಷ್ಟ್ರೀಯ ಪದಕ ತಂದ ಪರಂಪರೆ ಅದು. ಅದರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಪುಸ್ತಕ ಬರಬೇಕು. ಆದರೆ ಅವರ ಗುರಿ ಡಾಂಬರು ಮತ್ತು ಟ್ರ್ಯಾಕ್. ಮಣ್ಣಿನಲ್ಲಿ ಕಲಿತ ಹುಡುಗರು ಮಣ್ಣು ಬಿಡುವುದನ್ನೇ ಏಳಿಗೆ ಎಂದುಕೊಂಡರು. ಬೆಂಗಳೂರಿನವರು ಬಂದದ್ದು ಆಮೇಲೆ. 2008ರಲ್ಲಿ ಟೂರ್ ಆಫ್ ನೀಲ್ಗಿರೀಸ್ ಶುರುವಾಯಿತು. 200 ಕಿ.ಮೀ.ಯನ್ನು ಹದಿಮೂರೂವರೆ ತಾಸಿನಲ್ಲಿ ಮುಗಿಸುವ ಬ್ರೆವೆ ಸವಾರಿಗಳು ನೌಕರದಾರರಿಗೆ ದೂರದ ರುಚಿ ಹತ್ತಿಸಿದವು. ಮಣ್ಣು ಬೇಕೆಂದವರು ತುರಹಳ್ಳಿ ಕಾಡಿಗೆ ಹೋದರು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಮಾತು ಬಂದಾಗ ಸೈಕಲ್ಲಿನವರೂ ಬೀದಿಗಿಳಿದರು. ಆ ಪೀಳಿಗೆಯ ಕೆಲಸಗಳಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದು. ಉಳಿದದ್ದರಲ್ಲಿ ಬಹುಪಾಲು ಮೊಬೈಲಿನಲ್ಲಿ ವೇಗ ಹೋಲಿಸಿಕೊಳ್ಳುವುದರಲ್ಲೇ ಕಳೆಯಿತು.

ನಮ್ಮ ಗುಂಪು ಹುಟ್ಟಿದ್ದು ಈ ಎರಡರಿಂದಲೂ ಅಲ್ಲ, ಡಾಂಬರಿನಿಂದ! 2000ದಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಹಳ್ಳಿಯಿಂದ ಹಳ್ಳಿಗೆ ಕರಿ ರಸ್ತೆಯಾಯಿತು. ಜೀಪು, ಆಟೋ, ಮೋಟರ್‌ಸೈಕಲ್ ಎಲ್ಲ ಅದಕ್ಕೆ ಸರಿದವು. ಹೊಲಗಳ ನಡುವಿನ ಹಳೆಯ ಬಂಡಿದಾರಿ ಖಾಲಿಯಾಯಿತು. ಒಬ್ಬ ಶಾಲಾ ಮಾಸ್ತರು, ಒಬ್ಬ ಔಷಧಿ ಅಂಗಡಿಯವರು, ನಾನು, ಇಷ್ಟೇ ಮಂದಿ ಆ ಖಾಲಿ ಹಾದಿ ಹಿಡಿದೆವು. ಮೊದಲ ದಿನ ಹೊಲದ ಯಜಮಾನರೊಬ್ಬರು ತಡೆದು ಕೇಳಿದ್ದು ನೆನಪಿದೆ: ‘ಯಾಕ್ರಿ ಸರ, ಡಾಂಬರ್ ರೋಡ್ ಅದಲಾ, ಈ ಹಾದಿಗಿ ಯಾಕ ಬಂದ್ರಿ?’ ಉತ್ತರ ಹೇಳಲು ನಮಗೆ ಹತ್ತು ವರ್ಷ ಹಿಡಿಯಿತು.

ಈ ನೆಲವನ್ನು ಓದದೆ ಇಲ್ಲಿ ಸೈಕಲ್ ತುಳಿಯಲಾಗದು. ಒಂದು ಕಡೆ ಬೀದರ್ ಪ್ರಸ್ಥಭೂಮಿಯ ಕೆಂಪು ಜಂಬಿಟ್ಟಿಗೆ, ಅದು ಸವೆದು ಆದ ಮುರುಂ. ಮಳೆ ನಿಂತ ಅರ್ಧ ದಿನದಲ್ಲಿ ಒಣಗಿ ಚಕ್ರಕ್ಕೆ ಗಟ್ಟಿ ಹಿಡಿತ ಕೊಡುತ್ತದೆ. ಇನ್ನೊಂದು ಕಡೆ ಎರೆಹೊಲ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಮುಂಗಾಲಿಯನ್ನು ನುಂಗುತ್ತದೆ. ಒಂದು ಹದ ಮಳೆ ಬಿದ್ದರೆ ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಟೈರಿಗೂ ಫೋರ್ಕಿಗೂ ನಡುವೆ ಮೆತ್ತಿ ಚಕ್ರವನ್ನೇ ನಿಲ್ಲಿಸುತ್ತದೆ. ಆಮೇಲೆ ಸೈಕಲ್ ನಿಮ್ಮ ಮೇಲೆ ಸವಾರಿ ಮಾಡುತ್ತದೆ. ಅದಕ್ಕೇ ನಮ್ಮ ನಿಯಮ: ಮಳೆಗಾಲದಲ್ಲಿ ಕೆಂಪು, ಚಳಿಗಾಲದಲ್ಲಿ ಕರಿ. ಟೈರಿಗೆ 35–40 ಪಿಎಸ್‌ಐಗಿಂತ ಹೆಚ್ಚು ಗಾಳಿ ಬೇಡ. ಗಟ್ಟಿ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಮೆತ್ತನೆಯದು ಹಿಡಿಯುತ್ತದೆ. ಜಾಲಿಮುಳ್ಳಿನ ಸೀಮೆಯಾದ್ದರಿಂದ ಟ್ಯೂಬ್‌ಲೆಸ್ ಟೈರಿಗೆ ಅಂಟು ದ್ರಾವಣ ಹಾಕಿಸಿದವರು ಸುಖಿಗಳು. ಕಬ್ಬು ಕಡಿಯುವ ತಿಂಗಳಲ್ಲಿ ಮಾತ್ರ ಟ್ರ್ಯಾಕ್ಟರುಗಳು ಈ ಹಾದಿಗೂ ಇಳಿಯುತ್ತವೆ. ಅವು ಕೊರೆದ ಗಾಲಿಜಾಡಿನಲ್ಲಿ ಪೆಡಲು ತಾಗಿ ಬಿದ್ದವರಲ್ಲಿ ನಾನೂ ಒಬ್ಬ.

ಕಾಡು ಬೇಕೆಂದರೆ ಜಹೀರಾಬಾದಿನಿಂದ ತೆಂಕಣಕ್ಕೆ, ಚಿಂಚೋಳಿಯ ಕಡೆಗೆ ಹೊರಳಬೇಕು. 2011ರಲ್ಲಿ ವನ್ಯಜೀವಿಧಾಮವಾದ 134.88 ಚ.ಕಿ.ಮೀ. ಕುರುಚಲು ಗುಡ್ಡ, ಗೊಟ್ಟಂಗೊಟ್ಟದ ಕಣಿವೆ, ಚಂದ್ರಂಪಳ್ಳಿಯ ನೀರು, ಅಂಚಿನಲ್ಲಿ ಲಂಬಾಣಿ ತಾಂಡಾಗಳು. ಅನುಮತಿಯಿಲ್ಲದೆ ಒಳಗೆ ಹೋಗುವುದು ಅಪರಾಧ, ಕತ್ತಲಾದ ಮೇಲೆ ಹೋಗುವುದು ಮೂರ್ಖತನ. ಅಂಚಿನ ಊರುದಾರಿಗಳೇ ನಮಗೆ ಸಾಕು. ಅಲ್ಲಿಂದ ಆಗ್ನೇಯಕ್ಕಿಳಿದರೆ ತಾಂಡೂರು: ತೊಗರಿಗೆ ಹೆಸರಾದ ನೆಲ, ಹಾಸುಗಲ್ಲಿನ ಗಣಿಗಳ ಊರು. ಕಲ್ಲಿನ ಲಾರಿಗಳ ದೂಳಿನಿಂದ ಎರಡು ಮೈಲಿ ಒಳಸರಿದರೆ ಮತ್ತೆ ಮೌನ.

ಸವಾರರ ಪಟ್ಟಿಗೆ ಯಾರೂ ಸೇರಿಸದ ಒಂದು ಮೆರವಣಿಗೆ ನಮ್ಮಲ್ಲಿದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ರೈತ ಮಹಿಳೆಯರು ಸಂಕ್ರಾಂತಿಯಿಂದ ತಿಂಗಳೊಪ್ಪತ್ತು ಎತ್ತಿನ ಬಂಡಿಗಳಲ್ಲಿ ಸಿರಿಧಾನ್ಯದ ಬೀಜ ಹೊತ್ತು ಊರೂರು ಸುತ್ತುತ್ತಾರೆ. ಯಾವ ಹಾದಿ ಬದುಕಿದೆ ಎಂದು ಹಬ್ಬದ ಹೆಸರಿನಲ್ಲಿ ವರ್ಷವರ್ಷ ತಪಾಸಣೆ ಮಾಡುವವರು ಅವರು ಮಾತ್ರ. ಪಟ್ಟಿಯಲ್ಲಿಲ್ಲದವರು ಇನ್ನೂ ಇದ್ದಾರೆ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಬೀದರ್ ಕಡೆಯ ಹಳ್ಳಿಗಳಲ್ಲಿ ಹೈಸ್ಕೂಲಿಗೆ ಮುರುಂ ಹಾದಿ ತುಳಿದ ಹುಡುಗಿಯರು ಎಷ್ಟೋ. ಯಾವ ಸೈಕ್ಲಿಂಗ್ ಸಮೀಕ್ಷೆಯಲ್ಲಿ ಅವರು ಬಂದಿದ್ದಾರೆ?

ಇನ್ನು ಆಗದೆ ಉಳಿದ ಕೆಲಸ. ಹೈದರಾಬಾದಿನವರು ವಾಹನವಿಲ್ಲದ 23 ಕಿ.ಮೀ. ಸವಾರಿಗಾಗಿ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಸೋಲಾರ್ ಚಾವಣಿ ಹೊದಿಸಿ 2023ರಲ್ಲಿ ಪಥ ಕಟ್ಟಿಕೊಂಡರು. ಚಂದವಾಗಿದೆ. ನಮ್ಮಲ್ಲಿ ಕಟ್ಟುವ ಅಗತ್ಯವೇ ಇಲ್ಲದ ಪಥ ವರ್ಷಕ್ಕೊಂದಿಷ್ಟು ನೇಗಿಲಿಗೆ ಬೀಳುತ್ತಿದೆ. ಬಂಡಿ ಕಟ್ಟುವುದು ನಿಂತ ಮೇಲೆ ಎರಡೂ ಬದಿಯವರು ಬದುವನ್ನು ಒಂದೊಂದು ಮೊಳ ಒಳಗೆ ಸರಿಸುತ್ತಾರೆ; ನಾಲ್ಕು ಹಂಗಾಮಿನಲ್ಲಿ ದಾರಿ ತೊಗರಿಸಾಲಾಗುತ್ತದೆ. ನ್ಯಾಲ್ಕಲ್, ಝರಾಸಂಗ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕೆಂದು ಗುರುತಿಸಿದ ನೆಲವೇ 12 ಸಾವಿರ ಎಕರೆಗೂ ಮೇಲೆ. ಅಲ್ಲಿನ ಬಂಡಿದಾರಿಗಳು ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಇಟಲಿಯ ಟಸ್ಕನಿಯಲ್ಲಿ 1997ರಲ್ಲಿ ‘ಎರೋಯಿಕಾ’ ಎಂಬ ಹಳೆ ಸೈಕಲ್ಲುಗಳ ಸವಾರಿ ಆರಂಭಿಸಿದ್ದು ಪಂದ್ಯಕ್ಕಲ್ಲ, ಅಲ್ಲಿನ ಬಿಳಿ ಮಣ್ಣುಹಾದಿಗಳು ಡಾಂಬರಿನಡಿ ಹೋಗದಿರಲಿ ಎಂದು. ಅಲ್ಲಿ ಹಾದಿಯ ಕಾಳಜಿ ಮೊದಲು ಬಂತು, ಸೈಕಲ್ ಅದರ ಹಿಂದೆ. ನಾವು ಸೈಕಲ್ ಮೊದಲು ತಂದಿದ್ದೇವೆ.

ಕಂದಾಯ ಕಾಗದದಲ್ಲಿ ‘ನಕಾಶೆ ಕಂಡ ಬಂಡಿದಾರಿ’ ಎಂಬ ಮಾತಿದೆ. ಗ್ರಾಮ ನಕಾಶೆಯಲ್ಲಿ ಅದು ಜೋಡಿ ಚುಕ್ಕೆಗೆರೆ, ಕಾಲುದಾರಿ ಒಂಟಿ ಗೆರೆ. ಆ ಗೆರೆ ಇದ್ದಲ್ಲಿ ಹಾದಿ ಎಲ್ಲರದು. ಹೊಸ ಸೈಕಲ್ ಕೊಳ್ಳುವ ಮೊದಲು ನಿಮ್ಮ ತಹಸೀಲು ಕಚೇರಿಗೆ ಹೋಗಿ ನಿಮ್ಮೂರ ನಕಾಶೆಯ ಒಂದು ಪ್ರತಿ ತೆಗೆಸಿ. ಆ ಗೆರೆಗಳ ಮೇಲೆ ಇರುವ ಸೈಕಲ್ಲನ್ನೇ ಒಮ್ಮೆ ಓಡಿಸಿ ನೋಡಿ; ಎಲ್ಲಿ ಹಾದಿ ಸಿಗದೆ ಇಳಿಯಬೇಕಾಯಿತೋ ಆ ಸರ್ವೆ ನಂಬರನ್ನು ಬರೆದಿಡಿ.