‘ಉಡಿಕೆ’ ಎಂಬ ಮಾತು

ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟೆ, ನೈರುತ್ಯಕ್ಕಿರುವ ಬಬಲೇಶ್ವರ, ಈ ಸೀಮೆಯ ಆಡುನುಡಿಯಲ್ಲಿ ಹೆಣ್ಣಿನ ಮೊದಲ ವಿವಾಹಕ್ಕೆ ‘ಲಗ್ನ’ವೆಂದೂ ‘ಮದಿವಿ’ಯೆಂದೂ ಹೆಸರು. ಗಂಡನು ತೀರಿಹೋದವಳು ಅಥವಾ ಗಂಡನಿಂದ ಬಿಡುಗಡೆ ಹೊಂದಿದವಳು ಮರಳಿ ಮದುವೆಯಾದರೆ ಅದು ‘ಉಡಿಕಿ’ ಅಥವಾ ‘ಉಡಕಿ’. ಹಿರಿಯರು ಈ ಎರಡನೆಯ ಮಾತನ್ನು ತುಸು ದನಿ ತಗ್ಗಿಸಿಯೇ ಆಡುವರು. ಹೀಗೆ ದನಿ ತಗ್ಗಿಸುವುದಕ್ಕೆ ಮಾತಿನಲ್ಲಿಯೇ ಏನಾದರೂ ಕಾರಣವಿರುವುದೋ ಎಂಬುದನ್ನು ಇಲ್ಲಿ ವಿಚಾರಿಸುವೆವು.

ಕೆಲವರು ಇದನ್ನು ಸೀರೆಯ ‘ಉಡಿ’ಯಿಂದ, ‘ಉಡಿ ತುಂಬುವ’ ಸಂಪ್ರದಾಯದಿಂದ ಹುಟ್ಟಿದ ಮಾತೆಂದು ಭಾವಿಸಬಹುದು. ಆದರೆ ಅಷ್ಟು ಸುತ್ತು ಬಳಸುವ ಅವಶ್ಯಕತೆಯಿಲ್ಲ. ‘ನಂಬು’ ಧಾತುವಿನಿಂದ ‘ನಂಬಿಕೆ’, ‘ಕೂಡು’ ಧಾತುವಿನಿಂದ ‘ಕೂಡಿಕೆ’ ಆದಂತೆ, ‘ಉಡು’ ಧಾತುವಿಗೆ ‘ಇಕೆ’ ಪ್ರತ್ಯಯ ಸೇರಿ ‘ಉಡಿಕೆ’ಯಾಗಿದೆ. ‘ಮನೆ’ಯು ‘ಮನಿ’ಯಾಗುವ ಉತ್ತರದ ನುಡಿಯಲ್ಲಿ ಅದು ‘ಉಡಿಕಿ’ಯಾಯಿತು. ‘ಉಡುಪು’, ‘ಉಡುಗೆ’, ‘ಉಡುಗೊರೆ’ ಎಂಬವೂ ಇದೇ ಧಾತುವಿನ ಸಂತಾನ. ತಮಿಳಿನ ‘ಉಡೈ’ ಎಂಬುದೂ ಇದೇ ಮೂಲದ್ದಾದುದರಿಂದ ಧಾತುವು ಅಚ್ಚ ದ್ರಾವಿಡವೆಂಬುದು ಸ್ಪಷ್ಟ. ಹಳೆಯ ಮೈಸೂರು ಸೀಮೆಯಲ್ಲಿ ಇದೇ ಆಚಾರಕ್ಕೆ ‘ಸೀರುಡಿಕೆ’ಯೆಂದೂ ‘ಕೂಡಿಕೆ’ಯೆಂದೂ ಹೆಸರುಗಳಿದ್ದವು. ‘ಸೀರುಡಿಕೆ’ ಎಂದರೆ ಸೀರೆಯನ್ನು ಉಡಿಸುವುದು. ನಮ್ಮ ಭಾಗದ ಮಾತಿನಲ್ಲಿ ಸೀರೆಯು ಅಡಗಿ ಉಡುವಿಕೆಯೊಂದೇ ಉಳಿದಿದೆ. ವರನು ತಂದ ಹೊಸ ಸೀರೆಯನ್ನು ವಧುವು ಉಡುವುದೇ ಈ ಕಾರ್ಯದ ಜೀವಾಳವೆಂದು ಇದರಿಂದ ತಿಳಿಯುತ್ತದೆ.

ವಿವಾಹವಾಚಕ ಶಬ್ದಗಳು ಆ ಸಮಾರಂಭದ ಯಾವುದಾದರೊಂದು ಅಂಗವನ್ನು ಹಿಡಿದು ಹುಟ್ಟುವುದು ವಾಡಿಕೆ. ‘ವಿವಾಹ’ವು ವಧುವನ್ನು ಕರೆದೊಯ್ಯುವುದನ್ನೂ, ‘ಪಾಣಿಗ್ರಹಣ’ವು ಕೈಹಿಡಿಯುವುದನ್ನೂ, ‘ಲಗ್ನ’ವು ಮುಹೂರ್ತವನ್ನೂ ಹೇಳುತ್ತವೆ. ಹಾಗೆಯೇ ‘ಉಡಿಕೆ’ಯು ವಸ್ತ್ರವನ್ನು ಹೇಳುತ್ತದೆ. ಸ್ಮೃತಿಕಾರರು ಮರಳಿ ಮದುವೆಯಾದವಳನ್ನು ‘ಪುನರ್ಭೂ’ ಎಂದು ಕರೆದು, ಆಕೆಯ ಹಿಂದಿನ ಬಾಳನ್ನು ಹೆಸರಿನಲ್ಲಿಯೇ ನೆನಪಿಸಿದರು. ಕನ್ನಡದ ಮಾತಿನಲ್ಲಿ ‘ಮರಳಿ’ ಎಂಬ ಸೂಚನೆಯೂ ಇಲ್ಲ, ‘ವಿಧವೆ’ ಎಂಬ ಗುರುತೂ ಇಲ್ಲ. ಆದುದರಿಂದ ಕಳಂಕವು ಶಬ್ದದಲ್ಲಿಲ್ಲ, ಬಳಕೆಯಲ್ಲಿದೆ. ಹಲವು ಜಾತಿಗಳಲ್ಲಿ ಈ ಕಾರ್ಯವು ಹಂದರ-ವಾದ್ಯಗಳಿಲ್ಲದೆ ರಾತ್ರಿಯ ಹೊತ್ತು ನಡೆಯುತ್ತಿದ್ದಿತು. ಮುತ್ತೈದೆಯರು ಅದಕ್ಕೆ ಬರುತ್ತಿರಲಿಲ್ಲ. ಉಡಿಕೆಯಾದವಳು ಅನ್ಯರ ಮದುವೆಯಲ್ಲಿ ಮುಂದೆ ನಿಲ್ಲುವಂತಿರಲಿಲ್ಲ. ಹೀಗಿದ್ದರೂ ಆ ಸಂಬಂಧವು ಜಾತಿಯವರು ಒಪ್ಪಿದ ದಾಂಪತ್ಯವೇ, ಅದರಿಂದ ಹುಟ್ಟಿದವರು ನ್ಯಾಯವಾದ ಮಕ್ಕಳೇ.

ಇನ್ನು ಶಾಸನದ ಮಾತು. ೧೮೫೬ರ ವಿಧವಾ ಪುನರ್ವಿವಾಹ ಕಾಯಿದೆಯು ಹಿಂದೂ ವಿಧವೆಯರೆಲ್ಲರಿಗೂ ಮರುಮದುವೆಯ ಹಕ್ಕನ್ನು ಕೊಟ್ಟಿತು. ಒಕ್ಕಲು ಮಕ್ಕಳ ಮನೆಗಳಲ್ಲಿ ಆ ಹಕ್ಕು ಮೊದಲೇ ಇದ್ದಿತು. ಆದರೆ ಅದೇ ಕಾಯಿದೆಯ ಎರಡನೆಯ ಕಲಮಿನಂತೆ, ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿದ್ದ ಹಕ್ಕು ಆಕೆ ಆಗಲೇ ಸತ್ತಳೋ ಎಂಬಂತೆ ಮುಗಿದುಹೋಗುತ್ತಿದ್ದಿತು. ರೂಢಿಯಿಂದಲೇ ಉಡಿಕೆಯಾಗುತ್ತಿದ್ದ ಹೆಂಗಸರಿಗೂ ಈ ನಿಯಮವು ಹತ್ತುವುದೆಂದು ೧೯ನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠವು ತೀರ್ಮಾನಿಸಿತು. ಅಲಹಾಬಾದಿನ ಹೈಕೋರ್ಟು ಇದಕ್ಕೆ ವಿರುದ್ಧವಾದ ಮತವನ್ನು ಹಿಡಿದಿದ್ದಿತು. ಆದರೆ ೧೯೫೬ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಮುಂಬಯಿಯ ತೀರ್ಪೇ ಪ್ರಮಾಣ. ಹೀಗೆ ಹೊಸ ಸೀರೆ ಉಟ್ಟು ಬಾಳಿಗೆ ಮರಳಿದವಳನ್ನು ಕಾಯಿದೆಯು ಆಸ್ತಿಯ ಮಟ್ಟಿಗೆ ಸತ್ತವಳೆಂದು ಎಣಿಸಿತು. ಹೊಲವನ್ನು ಬಿಡಬೇಕೋ ಹೊಸ ಬಾಳನ್ನು ಬಿಡಬೇಕೋ ಎಂಬುದು ಎಷ್ಟೋ ಮನೆಗಳ ಸಂಕಟವಾಗಿದ್ದಿರಬೇಕು.

೧೯೫೫ರ ಹಿಂದೂ ವಿವಾಹ ಕಾಯಿದೆಯು ರೂಢಿಯ ವಿಧಿಗಳಿಂದ ನಡೆದ ಮದುವೆಯನ್ನೂ ಮಾನ್ಯಮಾಡಿತು. ೧೯೫೬ರ ಉತ್ತರಾಧಿಕಾರ ಕಾಯಿದೆಯು ಗಂಡನಿಂದ ಬಂದ ಪಾಲಿನ ಮೇಲೆ ವಿಧವೆಗೆ ಪೂರ್ಣ ಒಡೆತನವನ್ನು ಕೊಟ್ಟಿತು. ೧೮೫೬ರ ಕಾಯಿದೆಯು ೧೯೮೩ರಲ್ಲಿ ರದ್ದಾಯಿತು. ಶಾಸನದ ದೋಷವು ಹೀಗೆ ತೊಲಗಿತು, ದನಿ ತಗ್ಗಿಸುವ ರೂಢಿಯನ್ನು ತೊಲಗಿಸಬೇಕಾದವರು ನಾವು. ವಾಚಕರು ‘ಉಡಿಕೆ’ ಎಂಬ ಮಾತನ್ನು ಇನ್ನೊಮ್ಮೆ ಕೇಳಿದಾಗ ಅದರ ಮೂಲಾರ್ಥವನ್ನು ನೆನೆಯಲಿ. ಒಬ್ಬನು ಸೀರೆ ತಂದನು, ಒಬ್ಬಳು ಉಟ್ಟಳು, ಮಾತಿನಲ್ಲಿರುವುದು ಇಷ್ಟೇ. ಇದರಲ್ಲಿ ನಾಚುವಂಥದು ಏನೂ ಇಲ್ಲ.